ಪೈನಾಪಲ್ ಶೀರದ ಮೇಲಿನ ಆರೋಪ

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಮುಂಬಯಿ ಬಳಿಯ ಕಲ್ಯಾಣದಿಂದ ಸುತ್ತಲಿನ ಹೋಟೆಲುಗಳಿಗೆ ಡಬ್ಬಿ ಹಣ್ಣು ಪೂರೈಸುತ್ತಿದ್ದೆ. ಡೊಂಬಿವಲಿಯ ಶೆಟ್ಟರೊಬ್ಬರು ಒಂದು ದಿನ, "ಇನ್ನು ಅನಾನಸು ಬೇಡ ಮಾರಾಯ್ರೆ, ಶೀರ ನಿಲ್ಲಿಸಿದ್ದೇವೆ" ಎಂದರು. ವಿಚಾರಿಸಿದರೆ, ಅವರ ಸೊಸೆ ಸುಜಾತಳಿಗೆ ಎರಡನೇ ತಿಂಗಳಲ್ಲೇ ಗರ್ಭಪಾತವಾಗಿತ್ತು. ಹೋಟೆಲಿನ ಪೈನಾಪಲ್ ಶೀರ ತಿಂದದ್ದೇ ಕಾರಣವೆಂದು ಅತ್ತೆಯ ತೀರ್ಪು. ಶೀರದ ಜೊತೆಗೆ ಸೊಸೆಯನ್ನೂ ಗಲ್ಲಾದಿಂದ ಎಬ್ಬಿಸಿ ಮನೆಯಲ್ಲಿ ಕೂರಿಸುವ ಮಾತು ನಡೆದಿತ್ತು.

ನನಗೆ ನನ್ನ ಆರ್ಡರಿನ ಚಿಂತೆ. "ಮಹಡಿಯ ಮೇಲೆಯೇ ಡಾಕ್ಟರಮ್ಮ ಇದ್ದಾರಲ್ಲ, ಕೇಳಬಾರದೇ?" ಎಂದೆ. ಸುಜಾತಳೇ ಹೋಗಿ ಅವರನ್ನು ಕರೆತಂದಳು. "ಇವರೆಲ್ಲರ ಎದುರಿಗೇ ಹೇಳಿ ಡಾಕ್ಟರ್."

ಡಾಕ್ಟರಮ್ಮ ಧಾರವಾಡದ ಕಡೆಯವರು. "ಶೀರಾಕ್ಕೂ ಇದಕ್ಕೂ ಸಂಬಂಧ ಇಲ್ರೀ. ಕೂಸಿಗೆ ಅನ್ನ ಮುಟ್ಟಿಸೋ ಮಾಸು ಇರ್ತದಲ್ಲ, ಅದರ ಜೀವಕೋಶ ಒಂದಿಷ್ಟು ಸಾಯೋದು, ಹೊಸಾವು ಹುಟ್ಟೋದು ಸಹಜ. ಒಮ್ಮೊಮ್ಮೆ ಸಾಯೋದೇ ಜಾಸ್ತಿ ಆಗ್ತದ. ಆಗ ಗರ್ಭ ನಿಲ್ಲೂದಿಲ್ಲ."

"ಸುಮ್ಮನೆ ಸಾಯ್ತದಾ? ಇವಳಲ್ಲೇ ಏನೋ ದೋಷ" ಎಂದು ಅತ್ತೆ ಬಿಡಲಿಲ್ಲ.

"ಗರ್ಭ ಕಟ್ಟೋವಾಗ ವರ್ಣತಂತು ಏರುಪೇರಾದ್ರ ಭಾಳ ಸಲ ಹಿಂಗಾಗ್ತದ. ಆ ಮಾಸಿನಾಗ ಅರ್ಧಪಾಲು ನಿಮ್ಮ ಮಗಂದೂ ಇರ್ತದರೀ."

ಅತ್ತೆ ಕಾಫಿ ಯಂತ್ರದ ಬಳಿ ನಿಂತಿದ್ದ ಮಗನ ಕಡೆ ಒಮ್ಮೆ ನೋಡಿದರು. "ಹಾಗಾದರೆ ಬಿಡಿ, ಯಾರ ತಪ್ಪೂ ಅಲ್ಲ. ಸುಜಾತಾ, ಗಿರಾಕಿ ಕಾಯ್ತಾ ಇದ್ದಾರೆ, ಹೋಗಿ ಕೂತ್ಕೊ."

ವ್ಯಾಪಾರದಲ್ಲಿ ಎಷ್ಟೋ ತಕರಾರು ಬಿಡಿಸಿದ್ದೇನೆ. ಇಷ್ಟು ಬೇಗ ಯಾರಿಗೂ ಖುಲಾಸೆ ಸಿಕ್ಕಿದ್ದು ನಾನು ಕಂಡಿಲ್ಲ.