ಭಾವ ತಂದ ಗ್ರಾಫಿಕ್ಸ್ ಕಾರ್ಡ್

ನಮ್ಮ ಕಡೆ ಗಲ್ಫಿನಿಂದ ಬಂದ ಸಾಮಾನು ಹಾಳಾಗುವುದಿಲ್ಲ. ಹಾಳಾದರೂ ಹಾಳಾಯಿತೆಂದು ಒಪ್ಪುವವರಿಲ್ಲ. ಅಕ್ಕನ ಗಂಡ ದುಬೈಯಿಂದ ತಂದಿದ್ದ ಹುಲಿ ಚಿತ್ರದ ದಪ್ಪ ಕಂಬಳಿ, ಬೆವರು ಸುರಿಯುವ ನಮ್ಮ ಮಂಗಲ್ಪಾಡಿಯಲ್ಲಿ ವರ್ಷವಿಡೀ ಕಪಾಟಿನಲ್ಲಿರುತ್ತಿತ್ತು. ಭಾವ ರಜೆಯಲ್ಲಿ ಬಂದ ದಿನ ಮಾತ್ರ ಮಂಚಕ್ಕೇರುತ್ತಿತ್ತು. ನಿಂತುಹೋದ ಗಡಿಯಾರಕ್ಕೂ ಆ ದಿನ ಹೊಸ ಸೆಲ್ಲು. ಭಾವ ಒಮ್ಮೆ ಸುತ್ತ ಕಣ್ಣಾಡಿಸುವಾಗ ಅವರು ತಂದದ್ದೆಲ್ಲ ಅಲ್ಲಲ್ಲೇ ಇರಬೇಕು. ಇಲ್ಲದಿದ್ದರೆ ಅಕ್ಕನ ಮರ್ಯಾದೆ ಹೋಯಿತೆಂದೇ ಅಮ್ಮನ ಲೆಕ್ಕ.

ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡೂ ಭಾವ ತಂದದ್ದೇ. ಮನೆಯ ಮುಂದಿನ ಕೋಣೆಯಲ್ಲಿ ಮದುವೆ ವೀಡಿಯೊ ಎಡಿಟ್ ಮಾಡಿ ನಾನು ಹೊಟ್ಟೆ ಹೊರೆಯುತ್ತಿದ್ದೆ. "ಇದನ್ನು ಹಾಕು, ನಿನ್ನ ಕಂಪ್ಯೂಟರ್ ಹಾರುತ್ತದೆ" ಎಂದು ಒಂದು ರಜೆಯಲ್ಲಿ ಕೈಗಿಟ್ಟಿದ್ದರು. ಹಾರಿತು ಎನ್ನಲಾರೆ, ಆಗಿನ ಮಟ್ಟಿಗೆ ಚೆನ್ನಾಗಿಯೇ ಓಡಿತು. ಆರೇಳು ಮಳೆಗಾಲ ದಾಟುವಷ್ಟರಲ್ಲಿ ಕಂಪ್ಯೂಟರಿಗೆ ಮುಪ್ಪು ಬಂತು, ಕಾರ್ಡಿನ ಫ್ಯಾನು ತೆಂಗಿನಕಾಯಿ ತುರಿಯುವ ಹಾಗೆ ಗರಗರ ಎನ್ನತೊಡಗಿತು. ನನ್ನಿಂದ ಮದುವೆಯ ಡಿವಿಡಿ ಸಿಗುವಾಗ ಮಗುವಿಗೆ ಹೆಸರಿಡುವ ಹೊತ್ತಾಗುತ್ತದೆ ಎಂದು ಜನ ಆಡಿಕೊಂಡರು. ಗಿರಾಕಿಗಳು ಒಬ್ಬೊಬ್ಬರಾಗಿ ಹೊಸಂಗಡಿಯ ಸ್ಟುಡಿಯೊಗೆ ಜಾರಿದರು. ಹೊಸ ಕಂಪ್ಯೂಟರ್ ತರದಿದ್ದರೆ ಕಸುಬೇ ಮುಗಿದ ಹಾಗೆ.

ಕೊನೆಗೆ ಹೊಸದನ್ನು ತಂದೆ. ಹೊಸದರ ಬೋರ್ಡಿನೊಳಗೇ ಇದ್ದ ಗ್ರಾಫಿಕ್ಸ್ ಭಾವನ ಕಾರ್ಡಿಗಿಂತ ಎಷ್ಟೋ ಮೇಲು. ಕಾರ್ಡನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕುವವನಿದ್ದೆ, ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇದೆಂತ, ಫ್ಯಾನಿನ ಸದ್ದೇ ಇಲ್ಲ? ಭಾವ ತಂದದ್ದು ಎಲ್ಲಿ?"

"ಅದು ಬೇಡ ಅಮ್ಮ. ಹೊಸದರಲ್ಲೇ ಉಂಟು."

"ಹೊಸದು ನಿನ್ನದು. ಅದು ಅಳಿಯ ತಂದದ್ದು. ಬರುವ ವಾರ ಅವರು ಬರುತ್ತಾರೆ, ಗೊತ್ತುಂಟಲ್ಲ?"

ಸ್ವಲ್ಪ ಹೊತ್ತಿಗೆ ಗಂಡನ ಮನೆಯಿಂದ ಅಕ್ಕನ ಫೋನು. "ಒಂದು ತುಂಡು ಹಾಕಿದರೆ ನಿನಗೆಂತ ನಷ್ಟ ಮಾರಾಯ? ಅವರು ಕೇಳಿದರೆ ನಾನೆಂತ ಹೇಳುವುದು?" ದನಿಯಲ್ಲಿ ಅಳು ಬರುವುದರಲ್ಲಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಹಾಕಿದೆ.

ಕಾರ್ಡ್ ಕೂತದ್ದೇ ತಡ, ಹೊಸ ಕಂಪ್ಯೂಟರ್ ತನ್ನ ಸ್ವಂತ ಗ್ರಾಫಿಕ್ಸನ್ನು ಬದಿಗಿಟ್ಟು ಅದರ ಮಾತನ್ನೇ ಕೇಳತೊಡಗಿತು, ಥೇಟ್ ನಮ್ಮ ಮನೆಯವರ ಹಾಗೆ. ಆಗ ನನ್ನ ಕೈಯಲ್ಲಿ ಉಳಿದಿದ್ದದ್ದು ನೆರೆಮನೆಯವರ ಕೆಲಸ ಒಂದೇ. ಬೋವಿಕಾನಕ್ಕೆ ಕೊಟ್ಟ ಮಗಳ ಮದುವೆ. ತಾಳಿ ಕಟ್ಟಲು ಮದುಮಗ ಎತ್ತಿದ ಕೈ ಪರದೆಯ ಮೇಲೆ ಎತ್ತಿದಲ್ಲೇ ನಿಂತಿತು. ಕಾರ್ಡ್ ಕಿತ್ತು ಕೆಲಸ ಮುಗಿಸೋಣವೆಂದರೆ, ಗರಗರ ನಿಂತ ಕೂಡಲೇ ಅಮ್ಮ ಅಡುಗೆಮನೆಯಿಂದ ಹಾಜರು. ನೆರೆಮನೆಯವರು ಕಾದರು, ಬೈದರು, ಕೊನೆಗೆ ವೀಡಿಯೊ ವಾಪಸು ಒಯ್ದು ಹೊಸಂಗಡಿಗೆ ಕೊಟ್ಟರು. ಇನ್ನು ಕೈಯಲ್ಲಿ ಒಂದು ಕೆಲಸವೂ ಇರಲಿಲ್ಲ.

ಭಾವ ಬಂದರು. ಹುಲಿ ಮಂಚದ ಮೇಲಿತ್ತು, ಗಡಿಯಾರ ಓಡುತ್ತಿತ್ತು. ಚಾ ಕುಡಿದು ನನ್ನ ಕೋಣೆಗೆ ಬಂದವರು ಸದ್ದು ಕೇಳಿ ಹುಬ್ಬು ಗಂಟಿಕ್ಕಿದರು. ಅಮ್ಮ, ಅಕ್ಕ ಇಬ್ಬರೂ ಬಾಗಿಲಲ್ಲಿ ನಗುಮುಖದಿಂದ ನಿಂತಿದ್ದರು. ಸೆಕೆಗೆಂದು ಮುಚ್ಚಳ ತೆಗೆದಿಟ್ಟಿದ್ದ ಕಂಪ್ಯೂಟರಿನೊಳಗೆ ಭಾವ ಬಗ್ಗಿ ನೋಡಿದರು.

"ಎಂತ ಮಾರಾಯ, ಹೊಸ ಕಂಪ್ಯೂಟರಿಗೆ ಈ ಗುಜರಿ ತುರುಕಿದ್ದು? ಇದನ್ನು ಯಾರು ಕೊಟ್ಟದ್ದು ನಿನಗೆ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಳು. "ಇವನೇ ಎಲ್ಲಿಂದಲೋ ತಂದದ್ದು. ಬೇಡ ಬೇಡ ಎಂದು ನಾನು ಎಷ್ಟು ಹೇಳಿದೆ! ಇವನ ತಲೆಗೆ ಹೋಗಬೇಕಲ್ಲ?"

ಅಕ್ಕನ ಮುಖ ನೋಡಿದೆ. ಅವಳು ಗಡಿಯಾರ ನೋಡುತ್ತಿದ್ದಳು.

ಭಾವ ನಕ್ಕು ನನ್ನ ಬೆನ್ನು ತಟ್ಟಿದರು. "ಇರಲಿ, ಬೇಜಾರು ಮಾಡಬೇಡ. ಬರುವ ಸಲ ನಾನೇ ಒಂದು ಒಳ್ಳೆಯ ಕಾರ್ಡ್ ತರುತ್ತೇನೆ."

ಬೇಡವೆನ್ನಲು ಬಾಯಿ ತೆರೆದೆ. ಅಮ್ಮ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ತನ್ನಿ ಭಾವ" ಎಂದೆ.