ಹಾಳೂರಿನ ಒಲೆಗೆ ನೀರು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಗಾಳಿ ತಿರುಗಿತು. ಕೈಯಲ್ಲಿ ರೆಕಾರ್ಡರ್ ಇದ್ದದ್ದರಿಂದ ಹೊತ್ತು ಖಚಿತವಾಗಿ ಗೊತ್ತು. ಕಳೆದ ಬೇಸಿಗೆಯ ಮಾತು. ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನಾನು, ರಾಯಲ್ಪಾಡಿನಾಚೆ ಕಾಡಂಚಿನ ಸಣ್ಣ ಊರೊಂದರ ಚರಿತ್ರೆ ಬರೆಯಲು ಹೋಗಿದ್ದೆ.

ಆ ಊರು ಮೊದಲು ಕಾಡಿನ ಒಳಗೇ ಇತ್ತಂತೆ. ಬಾವಿ ಬತ್ತಿದ ಮೇಲೆ ಹಿರಿಯರು ಹೊರಗೆ ಬಂದು ನೆಲೆಸಿದರು. ಒಳಗೆ ಉಳಿದಿರುವುದು ಗೋಡೆಗಳ ಅಡಿಪಾಯ, ಹೂತುಹೋದ ಬಾವಿ, ಒಂದು ದೇವಿಕಲ್ಲು. ಅದನ್ನು ಹಾಳೂರು ಎನ್ನುತ್ತಾರೆ. ವರ್ಷಕ್ಕೊಮ್ಮೆ ಬರಿಗಾಲಲ್ಲಿ ಅಲ್ಲಿಗೆ ಹೋಗಿ, ಮೂರು ಕಲ್ಲಿನ ಒಲೆ ಹೂಡಿ ಪೊಂಗಲ್ ಬೇಯಿಸುತ್ತಾರೆ. ಆ ಒಲೆಗೆ ನೀರು ಹಾಕುವಂತಿಲ್ಲ. ಹಾಕಿದರೆ ಹಳೆಯ ಊರನ್ನು ಬಿಟ್ಟೇಬಿಟ್ಟೆವು ಎಂದು ಒಪ್ಪಿಕೊಂಡಂತೆ, ಆಮೇಲೆ ಅಲ್ಲಿ ಒಲೆ ಹೂಡುವಂತಿಲ್ಲ. ಬೆಂಕಿ ತಾನಾಗಿ ಬೂದಿಯಾಗುವವರೆಗೆ ಹಿರಿಯ ಹೆಂಗಸೊಬ್ಬರು ಕಾದು ಕೂರಬೇಕು.

ಅಂದು ಕೂತಿದ್ದವರು ಮುನಿವೆಂಕಟಮ್ಮ. ಉಳಿದವರು ಉಂಡು ಹೊರಟಿದ್ದರು. ಜೊತೆಗಿದ್ದದ್ದು ಅವರ ಮಗ, ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ನಾರಾಯಣಸ್ವಾಮಿ, ಮತ್ತು ನಾನು. ಪಾದದ ಮುಳ್ಳು ಕೀಳುತ್ತಿದ್ದ ನನ್ನನ್ನು ನೋಡಿ ಮುನಿವೆಂಕಟಮ್ಮ ನಕ್ಕರು.

“ಏಮಯ್ಯಾ ಮೇಷ್ಟ್ರೇ, ಅಷ್ಟೊಂದು ಓದಿದೀಯ, ಕಾಲು ಮಾತ್ರ ಕೂಸಿನ ಕಾಲು!”

“ಅಮ್ಮಾ, ಸಾರ್‌ಗೆ ಹಂಗೆಲ್ಲಾ ಅನ್ಬೇಡ,” ಎಂದ ಮಗ.

“ಅಂದ್ರೇನ್ಲಾ? ಪರೀಕ್ಷೇಲಿ ಫೇಲ್ ಮಾಡ್ಬಿಡ್ತಾರಾ ನನ್ನ?”

ಆಗಲೇ ಗಾಳಿ ತಿರುಗಿದ್ದು. ಕೆಂಡ ಹಾರಿ ಒಣಹುಲ್ಲಿಗೆ ಬಿತ್ತು. ನಾರಾಯಣಸ್ವಾಮಿ ಹಸಿ ಕೊಂಬೆ ಮುರಿದು ಬಡಿದು ಆರಿಸಿದ. ಇನ್ನೊಂದು ಕಡೆ ಹತ್ತಿಕೊಂಡಿತು. ಒಲೆ ಕಿಡಿ ಉಗುಳುತ್ತಲೇ ಇತ್ತು. ಕುಡಿಯಲು ತಂದಿದ್ದ ನೀರಿನ ಬಿಂದಿಗೆಯನ್ನು ಅವನು ಎತ್ತಿ ಹಿಡಿದ, ಆದರೆ ಸುರಿಯಲಿಲ್ಲ. ತಾಯಿಯ ಮುಖ ನೋಡಿದ. ತಾಯಿ ದೇವಿಕಲ್ಲಿನ ಕಡೆ ನೋಡಿದರು. ನಾನು “ಹಾಕಿ, ಹಾಕಿ” ಎಂದು ಕೂಗಿದೆ. ಹೊರಗಿನವನ ಕೂಗನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಮುನಿವೆಂಕಟಮ್ಮನೇ ಹೇಳಿದರು: “ಹುಯ್ಯೋ. ನಾನ್ ಹೇಳ್ತಿದೀನಿ, ಹುಯ್ದ್‌ಬಿಡೋ.”

ಒಲೆ ಆರಿತು. ಅಷ್ಟರಲ್ಲಿ ಬೆಂಕಿ ಲಂಟಾನದ ಪೊದೆಗಳಿಗೆ ಏರಿ, ಬಂದ ದಾರಿ ಹೊಗೆಯಲ್ಲಿ ಮುಚ್ಚಿಹೋಗಿತ್ತು. ಮಗ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಸುಟ್ಟು ಕಪ್ಪಾದ ನೆಲದ ಮೇಲೆ ಬರಿಗಾಲಲ್ಲೇ ಓಡಿದ. ಹುಲ್ಲು ಹುಟ್ಟದ ಬೋಳು ಬಂಡೆಯೊಂದರ ಮೇಲೆ ಮೂವರೂ ಕವುಚಿ ಮಲಗಿದೆವು. ಬೆಂಕಿ ಬಂಡೆಯನ್ನು ಬಳಸಿಕೊಂಡು ಮುಂದೆ ಹೋಯಿತು. ಅದರ ಸದ್ದು ಹೆಂಚಿನ ಮೇಲೆ ಸುರಿಯುವ ಜೋರು ಮಳೆಯ ಹಾಗಿತ್ತು. ಈಗಲೂ ಜೋರು ಮಳೆ ಬಂದರೆ ಎದ್ದು ಬಾಗಿಲು ತೆರೆದು ನೋಡುತ್ತೇನೆ.

ಮುನಿವೆಂಕಟಮ್ಮನ ಮೈಮೇಲೆ ಸುಟ್ಟ ಗಾಯ ಒಂದೂ ಇರಲಿಲ್ಲ. ಹೊಗೆ ಎದೆಗಿಳಿದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಮಗನನ್ನು ಒಂದೇ ಮಾತು ಕೇಳುತ್ತಿದ್ದರು: “ಒಲೆ ಏನಾಯ್ತೋ?”

“ತಾನೇ ಬೂದಿ ಆಯ್ತಮ್ಮ,” ಎನ್ನುತ್ತಿದ್ದ ಅವನು. ನಂಬಿದರೋ ಇಲ್ಲವೋ ತಿಳಿಯದು. ಆ ವಾರವೇ ತೀರಿಕೊಂಡರು.

‘ಈ ಆಚರಣೆ ಕಾಲಕ್ರಮೇಣ ನಿಂತುಹೋಯಿತು’ ಎಂಬ ಸಾಲು ಗ್ರಾಮಚರಿತ್ರೆಗಳಲ್ಲಿ ಸಾಮಾನ್ಯ. ನಾನೂ ಬರೆದಿದ್ದೇನೆ. ಯಾವುದೂ ಕಾಲಕ್ರಮೇಣ ನಿಲ್ಲುವುದಿಲ್ಲ. ಯಾರೋ ಒಬ್ಬರು ಬಾಯಿಬಿಟ್ಟು ನಿಲ್ಲಿಸಬೇಕಾಗುತ್ತದೆ, ಆ ಭಾರ ಅವರ ಎದೆಯ ಮೇಲೇ ಉಳಿಯುತ್ತದೆ. ನನ್ನ ವೃತ್ತಿ ಇದನ್ನು ಕಲಿಸಿತು, ಬಲು ತಡವಾಗಿ.

ತಿಥಿಯ ದಿನ, ಪಾದಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ ನಾರಾಯಣಸ್ವಾಮಿ ಕೇಳಿಕೊಂಡ: “ಸಾರ್, ನೀರು ಹುಯ್ದಿದ್ದು ನಾನೇ ಅಂತ ಬರೀರಿ. ಅಮ್ಮ ಹೇಳಿದ್ದು ಬೇಡ.”

“ಹೇಳೋ ಧೈರ್ಯ ಇದ್ದಿದ್ದು ಅವರೊಬ್ಬರಿಗೇ ಕಣಪ್ಪ. ಅದನ್ನ ಹೆಂಗೆ ಬಿಡ್ಲಿ?” ಎಂದೆ.

ಅಲ್ಲಿಯವರೆಗೆ ಕಣ್ಣು ತೇವವಾಗದಿದ್ದ ಅವನು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ನಡುಮನೆಯಲ್ಲಿ ನನಗೂ ಒಂದು ಚಾಪೆ ಹಾಸಿದ. ಬೆಂಕಿಯ ದಿನದಿಂದೀಚೆಗೆ ಅಂದು ಮೊದಲ ಸಲ, ಬೆಳಗಾಗುವವರೆಗೆ ನಮ್ಮಿಬ್ಬರಿಗೂ ಎಚ್ಚರವಾಗಲಿಲ್ಲ.