ಪ್ರಾರ್ಥನೆ ಬಾರದ ಸಿಸ್ಟರ್

ನಾನು ಕ್ರೈಸ್ತಳಾದ ಹೊಸತರಲ್ಲಿ ಎದುರಾದ ಮೊದಲ ತೊಂದರೆ ಪಾಪದ ಕೊರತೆ. ಚಾಮರಾಜಪೇಟೆಯ ನಮ್ಮ ಸಣ್ಣ ಸಭೆಯಲ್ಲಿ ಹೊಸದಾಗಿ ಬಂದವರು ಎದ್ದು ನಿಂತು ಸಾಕ್ಷಿ ಹೇಳಬೇಕಿತ್ತು: ಹಿಂದೆ ಎಂಥ ಪಾಪಿಯಾಗಿದ್ದೆ, ಈಗ ಹೇಗೆ ಬದಲಾದೆ ಅಂತ. ನನಗಿಂತ ಮೊದಲು ಮಾತಾಡಿದವರು ಕುಡಿದು, ಇಸ್ಪೀಟಾಡಿ, ಹೆಂಡತಿಯ ಸರ ಅಡವಿಟ್ಟು ಬಂದವರು. ಜನ ಬಾಯಿ ಬಿಟ್ಟುಕೊಂಡು ಕೇಳಿದ್ದರು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದು, ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿ, ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದ ನನ್ನ ಹತ್ತಿರ ಏನಿತ್ತು? ಏಕಾದಶಿಯ ದಿನ ಬಸ್‌ಸ್ಟಾಪಿನಲ್ಲಿ ತಿಂದ ಈರುಳ್ಳಿ ಬೋಂಡಾ. ಅದನ್ನೇ ಹೇಳಿ ಕೂತೆ. ಒಬ್ಬರೂ ಅಳಲಿಲ್ಲ.

ಆ ಸಭೆಗೆ ನನ್ನನ್ನು ಮೊದಲು ಕರೆದೊಯ್ದವಳು ಕಚೇರಿಯ ಗೆಳತಿ. ಅವಳ ಮಗುವಿನ ಹುಟ್ಟುಹಬ್ಬಕ್ಕೆ ಅಲ್ಲೊಂದು ಪ್ರಾರ್ಥನೆ ಇತ್ತು. ಮೊಟ್ಟೆ ಹಾಕದ ಕೇಕು ತರಿಸಿದ್ದೇನೆ ಅಂದಿದ್ದಳು, ನಾನು ಕೇಕಿಗಾಗಿಯೇ ಹೋದೆ. ಪಾಸ್ಟರು ಅಂದು ಯೇಸು ಊಟದ ನಡುವೆ ಎದ್ದು, ಸೊಂಟಕ್ಕೆ ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಕಥೆ ಹೇಳಿದರು. ನಮ್ಮ ಮನೆಯಲ್ಲಿ ದೇವರಿಗೆ ಸ್ನಾನ ಮಾಡಿಸುವುದು ನಮ್ಮ ಕೆಲಸ. ಮಡಿಯುಟ್ಟ ಅಜ್ಜಿಯನ್ನು ಊಟವಾಗುವವರೆಗೆ ಮೊಮ್ಮಕ್ಕಳೂ ಮುಟ್ಟುವಂತಿರಲಿಲ್ಲ. ಮುಟ್ಟದೆ ಇರುವುದೇ ಭಕ್ತಿ ಎಂದು ತಿಳಿದಿದ್ದ ನನಗೆ, ಯಾರದೋ ಧೂಳುಗಾಲು ಹಿಡಿದು ಕೂತ ದೇವರನ್ನು ನೆನೆದು ಮೊದಲು ನಗು ಬಂತು. ಮನೆಗೆ ಬಂದ ಮೇಲೆ ಬಚ್ಚಲಲ್ಲಿ ನಿಂತು ಅತ್ತೆ. ಆಮೇಲೂ ಬಹಳ ಕಾಲ ಹಿಂದೆಮುಂದೆ ನೋಡಿ, ತೊಂಬತ್ತರ ದಶಕದ ನಡುಭಾಗದಲ್ಲಿ ದೀಕ್ಷಾಸ್ನಾನ ಪಡೆದೆ.

ಅಪ್ಪ ನಿವೃತ್ತ ಹೆಡ್‌ಕ್ಲಾರ್ಕು. ಸುದ್ದಿ ಕೇಳಿ, "ಕೆಲಸ ಬಿಡಲ್ಲ ತಾನೇ?" ಅಂತ ಒಂದೇ ಪ್ರಶ್ನೆ ಹಾಕಿದರು. ಅಮ್ಮ, "ಇಷ್ಟು ವರ್ಷ ನಿನಗೆ ಹೇಳಿಕೊಟ್ಟಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲೇ" ಅಂದು, ನನ್ನ ತಟ್ಟೆ ಲೋಟಗಳನ್ನು ಅಡುಗೆಮನೆಯಿಂದ ತೆಗೆದು ಹಿತ್ತಲ ನಲ್ಲಿಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಅಲ್ಲಿ ಕಾಗೆ ಕೂಡ ಬಂದು ಕೂರುತ್ತಿತ್ತು. ಕಾಗೆಗೂ ನನಗೂ ಒಂದೇ ಪಂಕ್ತಿ ಅಂತ ತಮಾಷೆ ಮಾಡಿಕೊಂಡೆ. ಆದರೆ ತುಂಬಾ ನೋವಾಗಿತ್ತು.

ಹಾಗಾಗಿ ಸಭೆಯಲ್ಲಾದರೂ ನನಗೊಂದು ಜಾಗ ಬೇಕಿತ್ತು. ಪ್ರತಿ ಶನಿವಾರ ಸಭೆಯ ಒಂದು ತಂಡ ಕಲಾಸಿಪಾಳ್ಯದ ಆಚೆಯ ಸರ್ಕಾರಿ ಆಸ್ಪತ್ರೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುತ್ತಿತ್ತು. ದೇವರು ನನ್ನನ್ನು ಕರೆದಿರುವುದು ಇದಕ್ಕೇ ಎಂದು ನನಗೆ ಖಾತ್ರಿಯಾಯಿತು. ತಂಡದ ಮುಖ್ಯಸ್ಥರು ಸಭೆಯ ಹಿರಿಯರೊಬ್ಬರು. ಇಸ್ತ್ರಿ ಮುರಿಯದ ಬಿಳಿ ಶರ್ಟು ತೊಟ್ಟು, ಬರೀ ಒಂದು ಕೆಮ್ಮಿಗೆ ಕಾಲು ಗಂಟೆ ಪ್ರಾರ್ಥಿಸಬಲ್ಲವರು.

ಅಲ್ಲೇ ನಾನು ಮುಗ್ಗರಿಸಿದ್ದು. ನಮ್ಮ ಮನೆಯಲ್ಲಿ ಪ್ರಾರ್ಥನೆಯೆಂದರೆ ಬಾಯಿಪಾಠ, ಬೇಗ ಮುಗಿಸಿದವರೇ ಜಾಣರು. ಇಲ್ಲಿ ನೋಡಿದರೆ ಆ ಕ್ಷಣಕ್ಕೆ ಹೊಳೆದದ್ದನ್ನು ದೇವರ ಹತ್ತಿರ ಗಟ್ಟಿಯಾಗಿ ಮಾತಾಡಬೇಕು. ನನಗೆ ಸ್ವಂತವಾಗಿ ಏನಾದರೂ ಕೇಳಿಕೊಳ್ಳಲು ಬರುತ್ತಿದ್ದದ್ದು ಅಪ್ಪ ಕಲಿಸಿದ ಒಂದೇ ರೀತಿಯಲ್ಲಿ. ಮೊದಲ ರೋಗಿಯ ಮುಂದೆ ಕಣ್ಣು ಮುಚ್ಚಿ ಶುರುಮಾಡಿದೆ: "ಪರಲೋಕದ ತಂದೆಯೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ರೋಗಿಯು ಬಹುದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ತಾವು ದಯಮಾಡಿ ಈ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಿ..."

ರೋಗಿ ಒಂದು ಕಣ್ಣು ತೆರೆದು, "ಯಾವ ಆಫೀಸಿಂದ ಬಂದಿದೀರಮ್ಮಾ?" ಅಂದರು.

ಹಿರಿಯರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದರು: "ಸಿಸ್ಟರ್, ದೇವರೇನು ತಾಲೂಕಾಫೀಸಲ್ಲಿ ಕೂತಿಲ್ಲ. ಮುಂದಿನ ಶನಿವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಭಾನುವಾರದ ಹೂದಾನಿ ಸೇವೆ ಕೊಡ್ತೀವಿ." ಹೂವು ಜೋಡಿಸುವುದೇ ಆಗಿದ್ದರೆ ನಾನು ಅಮ್ಮನ ದೇವರಮನೆಯಲ್ಲೇ ಇರಬಹುದಿತ್ತು. ಅಲ್ಲಿ ತಟ್ಟೆಯಾದರೂ ಒಳಗಿರುತ್ತಿತ್ತು.

ಅಭ್ಯಾಸ ಮಾಡೋಣವೆಂದು ಬುಧವಾರ ಕಚೇರಿ ಮುಗಿಸಿ ಒಬ್ಬಳೇ ಹೆಂಗಸರ ವಾರ್ಡಿಗೆ ಹೋದೆ. ಮೂಲೆಯ ಮಂಚದಲ್ಲಿ ಮಾಗಡಿ ಕಡೆಯ ಒಬ್ಬ ಮುದುಕಿ. ಸೊಂಟದ ಮೂಳೆ ಮುರಿದಿತ್ತು. ಸೇರಿಸಿ ಊರಿಗೆ ಹೋದ ಮಗ ತಿರುಗಿ ಬಂದಿರಲಿಲ್ಲ. ಈಕೆಯಾದರೆ ನನ್ನ ತಪ್ಪು ಹಿಡಿಯುವುದಿಲ್ಲ ಎಂದುಕೊಂಡು ಕೈಮುಗಿದು, "ತಂದೆಯೇ" ಅಂದೆ.

"ಅವ್ವಾ, ಅದ್ನ ಆಮ್ಯಾಲ್ ಯೋಳ್ಕೋವಂತೆ. ಮೊದ್ಲು ಒಸಿ ಬೆನ್ ಕೆರಿ" ಅಂದಳು ಅಜ್ಜಿ.

ಕೆರೆದೆ. "ಎಡಕ್ಕೆ... ಇನ್ನೊಸಿ ಕೆಳೀಕೆ... ಅಯ್ಯೋ ನಿನ್ ಹೊಟ್ಟೆ ತಣ್ಣಗಿರ್ಲಿ!" ಆ ಬೆನ್ನು ನೀರು ಕಂಡು ಎಷ್ಟು ದಿನವಾಗಿತ್ತೋ. ಟವೆಲು ಒದ್ದೆ ಮಾಡಿ ಒರೆಸಿದೆ. ಅಷ್ಟರಲ್ಲಿ ಬೆಡ್‌ಪ್ಯಾನ್ ಬೇಕೆಂದಳು. ಆಯಾ ಕಾಣಲಿಲ್ಲ. ಬೇರೆಯವರ ಎಂಜಲು ಲೋಟವನ್ನೂ ಮುಟ್ಟದೆ ಬೆಳೆದವಳು ನಾನು. ಉಸಿರು ಬಿಗಿಹಿಡಿದು ಎಲ್ಲ ಮಾಡಿದೆ, ತೊಳೆಯುವ ಕಡೆ ಹೋಗಿ ವಾಂತಿಯನ್ನೂ ಮಾಡಿದೆ. ಆಮೇಲೆ ತರಕಾರಿ ಮಾರ್ಕೆಟ್ಟಿನ ಮುಂದೆ ಬಿದ್ದ ಕೋಸಿನ ಎಲೆ ತುಳಿಯುತ್ತಾ ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನು ಏನೋ ಗುನುಗುತ್ತಿದ್ದೆ. ಅಷ್ಟು ಸಂತೋಷ ನನಗೆ ದೀಕ್ಷಾಸ್ನಾನದ ದಿನವೂ ಆಗಿರಲಿಲ್ಲ. ಗುರುವಾರವೂ ಹೋದೆ, ಶುಕ್ರವಾರವೂ ಹೋದೆ. ತಟ್ಟೆಯ ವಿಷಯ ಬಾಯಿತಪ್ಪಿ ಅಜ್ಜಿಗೆ ಹೇಳಿಯೂಬಿಟ್ಟೆ. ಪ್ರಾರ್ಥನೆಯ ಅಭ್ಯಾಸ ಮಾತ್ರ ಆಗಲಿಲ್ಲ.

ಶನಿವಾರ ಹಿರಿಯರು ಅದೇ ಮಂಚದ ಪಕ್ಕ ಕೈಕಟ್ಟಿ ನಿಂತರು. "ಶುರು ಮಾಡಿ ಸಿಸ್ಟರ್" ಎಂದು ಕಣ್ಣು ಮುಚ್ಚಿಕೊಂಡರು.

"ತಂದೆಯೇ" ಅಂದೆ. ಮುಂದಕ್ಕೆ ನಾಲಗೆಯ ಮೇಲೆ "ಸದರಿ" ಬಂದು ಕೂತಿತ್ತು. ಅದನ್ನು ನುಂಗಿದೆ. ಬೇರೆ ಮಾತು ಬರಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು, ಪಕ್ಕದ ಮಂಚದವರು ಚಪಾತಿ ಅಗಿಯುವುದು ಕೇಳಿಸುತ್ತಿತ್ತು. ನನ್ನ ಕಥೆ ಮುಗಿಯಿತು, ಇಲ್ಲೂ ನನ್ನನ್ನು ಪಕ್ಕಕ್ಕಿಡುತ್ತಾರೆ ಎಂದುಕೊಂಡೆ.

ಆಗ ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಚಾವಣಿ ನೋಡುತ್ತಾ, ಎದುರಿಗೇ ಯಾರೋ ಕೂತಿದ್ದಾರೇನೋ ಅನ್ನುವಷ್ಟು ಸಲೀಸಾಗಿ ಮಾತಾಡಿದಳು:

"ಅವ್ವಾ ಮಾರವ್ವಾ, ನಂಗೇನೂ ಬ್ಯಾಡ ಕಣವ್ವ. ಈ ಮಗ ಯಾರೋ ಏನೋ, ನನ್ ಹೇಲು ಉಚ್ಚೆ ಬಳೀತು, ಒಂದ್ಸಲಾನೂ ಮುಖ ಸಿಂಡರಿಸ್ಲಿಲ್ಲ. ಇದ್ರ ತಟ್ಟೇನ ಮನೇಲಿ ಆಚ್ಗೆ ಮಡಗವ್ರಂತೆ. ನೀನ್ ಆಚ್ಗೆ ಮಡಗ್ಬ್ಯಾಡ ಕಣವ್ವ."

"ಆಮೆನ್" ಅಂತ ಕೇಳಿಸಿತು. ಹಿರಿಯರ ದನಿ. ಪ್ರಾರ್ಥನೆ ಮುಗಿದ ಕಡೆ ಆಮೆನ್ ಅನ್ನುವುದು ಅವರಿಗೆ ಉಸಿರಾಡಿದಷ್ಟೇ ಅಭ್ಯಾಸ. ಅಂದದ್ದು ಯಾವ ದೇವರಿಗೆ ಎಂದು ಆಮೇಲೆ ಹೊಳೆದಿರಬೇಕು, ಕಿವಿ ಕೆಂಪಾದವು. ನಾನಂತೂ ಬೇಕೆಂದೇ ಅಂದೆ, ಗಟ್ಟಿಯಾಗಿ, ಅಳುತ್ತಾ.

"ಸರಿ, ಈಗ ಆ ಪಾತ್ರೆ ಕೊಡು, ತಡ್ಯಕ್ಕಾಗಲ್ಲ" ಅಂದಳು ಅಜ್ಜಿ.

ನಾನು ಎದ್ದೆ. ಹಿರಿಯರು ಕೈ ಅಡ್ಡ ಹಿಡಿದರು. "ನೀವು ಅವರನ್ನ ಹಿಡ್ಕೊಳ್ಳಿ ಸಿಸ್ಟರ್. ಎಲ್ಲಿಟ್ಟಿರ್ತಾರೆ ಅದನ್ನ?" ಹೇಳಿದೆ. ಬಿಳಿ ತೋಳು ಮೇಲಕ್ಕೆ ಮಡಚಿಕೊಂಡು ವಾರ್ಡಿನ ಕೊನೆಯವರೆಗೆ ಹೋಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ತಂದು, ನನಗೆ ಕೊಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು. ಎಲ್ಲ ಆಗುವವರೆಗೂ ಹಾಗೇ ನಿಂತಿದ್ದರು. ಪ್ರಾರ್ಥನೆ ಮಾಡಲಿಲ್ಲ.

ಹೊರಗೆ ಬಂದ ಮೇಲೆ ಬಹಳ ಹೊತ್ತು ಕೈ ತೊಳೆದರು. ಆಮೇಲೆ ಕರ್ಚೀಫಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು: "ನಾಳೆ ಎಷ್ಟು ಗಂಟೆಗೆ ಬರ್ತೀರಿ ಸಿಸ್ಟರ್? ನಾನೂ ಬರಬಹುದಾ?"